ನೀಲೇಶ್ವರದಿಂದ ಏಳಿಮಲೆಯವರೆಗೆ: ನೀರದಾರಿಯಲ್ಲಿ ಎರಡು ದಿನ

ಕಾಲುವೆಗಳ ನಗರವೆಂದರೆ ಇಟಲಿಯ ವೆನಿಸ್ ಅಥವಾ 18ನೆಯ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರು ಬಂದರು ಪಟ್ಟಣವಾಗಿ ಬೆಳೆಸಿದ ಆಲಪ್ಪುಳ ನೆನಪಿಗೆ ಬರುವುದು ಸಹಜ. ಕಾಸರಗೋಡು ಜಿಲ್ಲೆಯಲ್ಲಿ ಹಾಗೆ ಯೋಜಿಸಿ ಕಟ್ಟಿದ ನಗರವಿಲ್ಲ. ಆದರೆ ಜಿಲ್ಲೆಯ ದಕ್ಷಿಣದ ನೀಲೇಶ್ವರದಿಂದ ತೊಡಗಿ ಹಿನ್ನೀರು, ಹೊಳೆ, ತೋಡು ಮತ್ತು ಮನುಷ್ಯರೇ ತೋಡಿದ ಒಂದು ಕಾಲುವೆಯ ಮೂಲಕ ಕಣ್ಣೂರು ಜಿಲ್ಲೆಯ ಪಳಯಂಗಾಡಿಯವರೆಗೆ ಸಾಗುವ ಹಳೆಯ ಜಲಮಾರ್ಗವೊಂದಿದ್ದು, ಎರಡು ದಿನಗಳ ಬಿಡುವಿನಲ್ಲಿ ಅದನ್ನು ಸಾವಕಾಶವಾಗಿ ನೋಡಿ ಬರಬಹುದಾಗಿದೆ.

ಈ ಮಾರ್ಗದ ನಡುಭಾಗವೇ ಕವ್ವಾಯಿ ಹಿನ್ನೀರು. ಹೊಳೆಗಳು ಹೊತ್ತು ತಂದ ಮಣ್ಣನ್ನೂ ಕಡಲು ತಳ್ಳಿದ ಮರಳನ್ನೂ ಅಲೆಗಳು ಕರಾವಳಿಗೆ ಸಮಾಂತರವಾಗಿ ಗುಡ್ಡೆ ಹಾಕಿದಾಗ ಅದರ ಹಿಂದೆ ನಿಲ್ಲುವ ಉಪ್ಪುಮಿಶ್ರಿತ ನೀರನ್ನು ಹಿನ್ನೀರು ಎನ್ನುತ್ತಾರೆ. ಇಲ್ಲಿ ಆ ಮರಳದಿಣ್ಣೆಯ ಮೇಲೆಯೇ ವಲಿಯಪರಂಬ ಎಂಬ ಗ್ರಾಮವಿದ್ದು, ಅದರ ಪಶ್ಚಿಮಕ್ಕೆ ಅರಬ್ಬಿ ಸಮುದ್ರವೂ ಪೂರ್ವಕ್ಕೆ ಹಿನ್ನೀರೂ ಇವೆ. ತೇಜಸ್ವಿನಿ ಎಂದೂ ಕರೆಯಲಾಗುವ ಕಾರ್ಯಂಗೋಡು ಹೊಳೆ ಮತ್ತು ನೀಲೇಶ್ವರ ಹೊಳೆ ಉತ್ತರ ಭಾಗದಲ್ಲಿ ಈ ಹಿನ್ನೀರನ್ನು ಕೂಡಿಕೊಳ್ಳುತ್ತವೆ. ಮಳೆಗಾಲದಲ್ಲಿ ನೀರು ಬಹುತೇಕ ಸಿಹಿಯಾಗಿರುತ್ತದೆ; ಬೇಸಿಗೆಯಲ್ಲಿ ಅಳಿವೆಯ ಮೂಲಕ ಕಡಲು ಒಳನುಗ್ಗಿ ಉಪ್ಪಾಗುತ್ತದೆ.

ಈ ನೀರದಾರಿಗೆ ಚರಿತ್ರೆಯಲ್ಲಿ ಮಹತ್ವ ಬಂದದ್ದು ಏಳಿಮಲೆಯಿಂದ. ಮಾರ್ಕೊ ಪೋಲೊ ಮತ್ತು ಇಬ್ನ್ ಬತೂತರ ಬರಹಗಳಲ್ಲಿ ಏಲಿ, ಹಿಲಿ ಎಂಬ ಹೆಸರುಗಳಿಂದ ಕಾಣಿಸಿಕೊಳ್ಳುವ ಈ ಬೆಟ್ಟ ನೇರ ಕಡಲಿಗೆ ಚಾಚಿಕೊಂಡಿರುವುದರಿಂದ, ದಕ್ಷಿಣಕ್ಕೆ ಹೋಗುವ ದೋಣಿಗಳು ತೆರೆದ ಸಮುದ್ರಕ್ಕಿಳಿದು ಅದನ್ನು ಸುತ್ತಬೇಕಾಗಿತ್ತು. ಮಳೆಗಾಲದಲ್ಲಂತೂ ಅದು ಪ್ರಾಣಾಪಾಯದ ಹಾದಿ. ಹೈದರಾಲಿಯು ಮಲಬಾರಿಗೆ ದಂಡೆತ್ತಿ ಬಂದ 1766ರಲ್ಲಿ, ಅವನ ಪಕ್ಷದಲ್ಲಿದ್ದ ಅರಕ್ಕಲ್ ಮನೆತನದ ಅಲಿ ರಾಜನು ಬೆಟ್ಟದ ಒಳಮಗ್ಗುಲಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಕಾಲುವೆಯನ್ನು ತೋಡಿಸಿ, ಪಯ್ಯನ್ನೂರಿನ ಪೆರುಂಬಾ ಹೊಳೆಯನ್ನು ಪಳಯಂಗಾಡಿ ಹೊಳೆಗೆ ಜೋಡಿಸಿದನು. ಇಂದಿಗೂ ಸುಲ್ತಾನ್ ಕಾಲುವೆ ಎಂದು ಕರೆಯಲಾಗುವ ಈ ಚಿಕ್ಕ ಕೊಂಡಿಯಿಂದಾಗಿ, ಕಡಲಿಗೆ ಇಳಿಯದೆಯೇ ಒಳನಾಡಿನಲ್ಲಿ ಬಹುದೂರ ದೋಣಿ ನಡೆಸುವುದು ಸಾಧ್ಯವಾಯಿತು.

ಮಾರ್ಗದ ಉತ್ತರದ ಬಾಗಿಲಾದ ನೀಲೇಶ್ವರಕ್ಕೆ ಕನ್ನಡ ನಾಡಿನ ನಂಟು ಹಳೆಯದು. 18ನೆಯ ಶತಮಾನದಲ್ಲಿ ಕೆಳದಿಯ ನಾಯಕರು ನೀಲೇಶ್ವರದ ಅರಸರೊಡನೆ ಕಾದಾಡಿದರು; ಸಮೀಪದ ಹೊಸದುರ್ಗದ ಕೋಟೆ ಅವರದೇ ನಿರ್ಮಾಣ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೂ ಈ ಪ್ರದೇಶ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಕಾದಂಬರಿಕಾರ ನಿರಂಜನರು ನೀಲೇಶ್ವರದ ಪ್ರೌಢಶಾಲೆಯಲ್ಲಿ ಓದಿದವರು. 1941ರಲ್ಲಿ ತೇಜಸ್ವಿನಿಯ ದಂಡೆಯ ಕಯ್ಯೂರಿನಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲಿ ನಾಲ್ವರು ರೈತ ಹೋರಾಟಗಾರರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆ ಹೋರಾಟವನ್ನೇ ಆಧರಿಸಿ ನಿರಂಜನರು ಬರೆದ ‘ಚಿರಸ್ಮರಣೆ’ 1955ರಲ್ಲಿ ಪ್ರಕಟವಾಯಿತು. ಆ ಕೃತಿಯನ್ನು ಓದಿದವರಿಗೆ ಈ ಹೊಳೆಯ ಮೇಲಿನ ಪಯಣ ಬರಿಯ ವಿಹಾರವಾಗಿ ಉಳಿಯುವುದಿಲ್ಲ.

ಮೊದಲ ದಿನವನ್ನು ನೀಲೇಶ್ವರಕ್ಕೂ ಸಮೀಪದ ಕೋಟಪ್ಪುರದಿಂದ ಹೊರಡುವ ದೋಣಿ ಪಯಣಕ್ಕೂ ಮೀಸಲಿಟ್ಟರೆ, ಎರಡನೆಯ ದಿನ ಪಡನ್ನ, ಇಡಯಿಲೆಕ್ಕಾಡು, ಕವ್ವಾಯಿ ಮತ್ತು ಸುಲ್ತಾನ್ ಕಾಲುವೆಯನ್ನು ನೋಡಬಹುದು. ಪಡನ್ನದ ಹಿನ್ನೀರಿನಲ್ಲಿ ಬಿದಿರಿನ ಗಳುಗಳನ್ನು ನೆಟ್ಟು ಕಟ್ಟಿದ ಚಪ್ಪರಗಳು ಕಣ್ಣಿಗೆ ಬೀಳುತ್ತವೆ. ಅವು ಮಲಯಾಳದಲ್ಲಿ ಕಲ್ಲುಮ್ಮಕ್ಕಾಯ ಎನ್ನಲಾಗುವ ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿಗಾಗಿ ಹಾಕಿದವು. ಕಡಲ ಬಂಡೆಗಳಿಂದ ತಂದ ಮರಿ ಪಚ್ಚಿಲೆಗಳನ್ನು ಹಗ್ಗದ ಸುತ್ತ ಹರಡಿ, ತೆಳುವಾದ ಹತ್ತಿಬಟ್ಟೆಯಿಂದ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ; ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮದೇ ನಾರಿನೆಳೆಗಳಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಸಿಹಿನೀರು ಹೆಚ್ಚಾದರೆ ಪಚ್ಚಿಲೆ ಸಾಯುವುದರಿಂದ, ಮಳೆ ಹಿಡಿಯುವ ಮೊದಲೇ ಫಸಲನ್ನು ಮೇಲೆತ್ತುವುದು ಅನಿವಾರ್ಯ. ಸ್ವಸಹಾಯ ಸಂಘಗಳ ಅನೇಕ ಮಹಿಳೆಯರು ಈ ಕೃಷಿಯಲ್ಲಿ ತೊಡಗಿದ್ದಾರೆ.

ಇಡಯಿಲೆಕ್ಕಾಡಿನಲ್ಲಿರುವ ಕಾವು, ಅಂದರೆ ದೈವಕ್ಕೆಂದು ಮೀಸಲಿಟ್ಟು ಮರ ಕಡಿಯದೆ ಉಳಿಸಿಕೊಂಡ ಬನ, ಮಂಗಗಳ ನೆಲೆಯಾಗಿದ್ದು, ಓಣಂ ಸಮಯದಲ್ಲಿ ಊರವರು ಅವುಗಳಿಗೆ ಬಾಳೆಲೆಯಲ್ಲಿ ಊಟ ಬಡಿಸುವ ರೂಢಿಯಿದೆ. ದಂಡೆಯುದ್ದಕ್ಕೂ ಕಾಣುವ ಕಾಂಡ್ಲಾ ಗಿಡಗಳು ಬೇರುಗಳ ಹೆಣಿಗೆಯಿಂದ ಮಣ್ಣನ್ನು ಹಿಡಿದಿಟ್ಟು, ಮೀನು ಸಿಗಡಿಗಳ ಮರಿಗಳಿಗೆ ಆಶ್ರಯವಾಗಿವೆ. ಅವುಗಳನ್ನು ಕೊಳಚೆಯ ಪೊದೆಗಳೆಂದು ಕಡಿಯುತ್ತಿದ್ದ ಕಾಲದಲ್ಲಿ ಪಳಯಂಗಾಡಿ ಪರಿಸರದಲ್ಲಿ ಸ್ವತಃ ನೆಟ್ಟು ಬೆಳೆಸಿದ ಕಲ್ಲೇನ್ ಪೊಕ್ಕುಡನ್ ಅವರ ಹೆಸರನ್ನು ಇಲ್ಲಿ ಗೌರವದಿಂದ ನೆನೆಯಬೇಕು.

ತಿರುವನಂತಪುರ ಬಳಿಯ ಕೋವಳದಿಂದ ಬೇಕಲದವರೆಗೆ 600 ಕಿಲೋಮೀಟರಿಗೂ ಹೆಚ್ಚು ಉದ್ದದ ಪಶ್ಚಿಮ ಕರಾವಳಿ ಜಲಮಾರ್ಗವನ್ನು ಪೂರ್ಣಗೊಳಿಸಲು ಕೇರಳ ಸರ್ಕಾರ ಹೊರಟಿದೆ. ನೀಲೇಶ್ವರದಿಂದ ಉತ್ತರಕ್ಕೆ ನಿರಂತರವಾದ ನೈಸರ್ಗಿಕ ನೀರದಾರಿ ಇಲ್ಲದಿರುವುದರಿಂದ ಅಲ್ಲಿ ಹೊಸ ಕಾಲುವೆಯನ್ನೇ ತೋಡಬೇಕಾಗುತ್ತದೆ. ಹಾಗೆ ತೋಡುವಾಗ ಉಪ್ಪುನೀರು ಗದ್ದೆ ಬಾವಿಗಳಿಗೆ ನುಗ್ಗದಂತೆಯೂ ಕಾಂಡ್ಲಾವನಗಳು ನಾಶವಾಗದಂತೆಯೂ ಎಚ್ಚರ ವಹಿಸಿದಾಗ ಮಾತ್ರ ಈ ಯೋಜನೆ ನಾಡಿಗೆ ಒಳಿತಾದೀತು.

ಮಂಗಳೂರು–ಶೋರನೂರು ರೈಲುಮಾರ್ಗದಲ್ಲಿರುವ ನೀಲೇಶ್ವರ, ಚೆರ್ವತ್ತೂರು, ಪಯ್ಯನ್ನೂರು ನಿಲ್ದಾಣಗಳು ಪ್ರವಾಸಿಗರಿಗೆ ಅನುಕೂಲ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಬರುವುದು ಒಳ್ಳೆಯದು. ದೊಡ್ಡ ಹೌಸ್‌ಬೋಟಿಗಿಂತ ಊರಿನ ಚಿಕ್ಕ ದೋಣಿಯನ್ನು ಆರಿಸಿಕೊಂಡು, ಪ್ಲಾಸ್ಟಿಕ್ಕನ್ನು ನೀರಿಗೆ ಎಸೆಯದೆ, ಪಚ್ಚಿಲೆಯ ಚಪ್ಪರಗಳಿಗೂ ಮೀನುಬಲೆಗಳಿಗೂ ಅಡ್ಡಿಯಾಗದಂತೆ ಸಾಗುವುದು ಈ ನೀರನ್ನೇ ನಂಬಿ ಬದುಕುವವರಿಗೆ ಪ್ರತಿಯೊಬ್ಬ ಪ್ರವಾಸಿಗನೂ ಸಲ್ಲಿಸಬೇಕಾದ ಮರ್ಯಾದೆ.