ಬೆಲ್ಟು, ಶಾಫ್ಟು, ಎಣ್ಣೆ: ಒಂದು ಪುಟ್ಟ ಟ್ರ್ಯಾಕ್ಟರಿನ ನಡುಭಾಗದ ಕಥೆ

ಹಳೆಯ ಕಬ್ ಕ್ಯಾಡೆಟ್ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಕೆಡುವುದು ಬಲು ಅಪರೂಪ. ಅರವತ್ತು ವರ್ಷ ದುಡಿದ ಗಾಡಿಯನ್ನು ಬಿಚ್ಚಿದರೂ ಒಳಗಿನ ಹಲ್ಲುಗಳು ಹೆಚ್ಚಾಗಿ ನೆಟ್ಟಗೇ ಇರುತ್ತವೆ. ಕೈಕೊಡುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಜಾಗ. ಅಲ್ಲಿಂದ ಇಲ್ಲಿಗೆ ಬಲ ದಾಟಿಸಲು ಈ ಗಾಡಿಯನ್ನು ಮಾಡಿದವರು ಐದಾರು ವರ್ಷಗಳಲ್ಲಿ ಮೂರು ದಾರಿ ಹಿಡಿದರು. ಇವತ್ತು ಅಮೆರಿಕದ ಶೆಡ್ಡುಗಳಲ್ಲಿ ಇದರ ರಿಪೇರಿಗೆ ಕೂತವರು ಆ ಮೂರರಲ್ಲಿ ಒಂದರ ಜೊತೆ ಗುದ್ದಾಡುತ್ತಿರುತ್ತಾರೆ.

ಗೇರ್‌ಬಾಕ್ಸ್ ಅಷ್ಟು ಗಟ್ಟಿಯಾಗಲು ಕಾರಣವಿದೆ. ಅದನ್ನು ಹಿತ್ತಿಲಿಗೆಂದು ಮಾಡಿದ್ದೇ ಅಲ್ಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಕರ್ಟಿಸ್-ರೈಟ್‌ನವರ ವಿಮಾನ ಕಾರ್ಖಾನೆಯನ್ನು ಕೊಂಡಿತು. 1947ರಲ್ಲಿ ಅಲ್ಲಿಂದ ಫಾರ್ಮಾಲ್ ಕಬ್ ಎಂಬ ಸಣ್ಣ ಟ್ರ್ಯಾಕ್ಟರ್ ಹೊರಬಂತು. ಅಲ್ಲಿಯವರೆಗೆ ಕುದುರೆ, ಹೇಸರಗತ್ತೆ ಕಟ್ಟಿ ಉಳುತ್ತಿದ್ದ ಸಣ್ಣ ರೈತನೇ ಅದರ ಗಿರಾಕಿ. ಈ ಕಂಪನಿ ನಮ್ಮ ರೈತರಿಗೂ ಹೊಸದಲ್ಲ. 1963ರಲ್ಲಿ ಮಹೀಂದ್ರಾ, ವೋಲ್ಟಾಸ್ ಜೊತೆ ಇದು ಭಾರತದಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿತು. ನಮ್ಮ ಹೊಲಗಳಲ್ಲಿ ಬಹುಕಾಲ ಓಡಾಡಿದ ಬಿ-275 ಆ ಮನೆತನದ್ದೇ.

ಕಬ್ ಬಂದ ಮೇಲಿನ ವರ್ಷಗಳಲ್ಲಿ ಅಮೆರಿಕದ ನಗರಗಳ ಹೊರವಲಯದಲ್ಲಿ ಸಾಲುಸಾಲು ಮನೆಗಳೆದ್ದವು. ಅರ್ಧ ಎಕರೆ, ಒಂದು ಎಕರೆ ಜಾಗದ ಒಡೆಯನಿಗೆ ಬೇಸಿಗೆಯಲ್ಲಿ ಹುಲ್ಲು ಕತ್ತರಿಸಬೇಕು, ಚಳಿಗಾಲದಲ್ಲಿ ಹಿಮ ಸರಿಸಬೇಕು, ನಡುವೆ ತರಕಾರಿ ಮಡಿಗೆ ನೇಗಿಲು ಹೊಡೆಯಬೇಕು. ಅವನಿಗೆ ಕಬ್ ದೊಡ್ಡದಾಯಿತು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ವೀಲ್ ಹಾರ್ಸ್ ಎಂಬ ಪುಟ್ಟ ಕಂಪನಿ ಇಂಥವರಿಗೆಂದೇ ಗಾಡಿ ಮಾಡಿ ಮಾರುತ್ತಿತ್ತು. 1960ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡ ಈ ಸಂತೆಗೆ ಇಳಿಯಿತು. ಹೊಸ ಗೇರ್‌ಬಾಕ್ಸ್ ವಿನ್ಯಾಸ ಮಾಡುವ ಗೋಜಿಗೆ ಹೋಗದೆ, ಮೂರು ಮುಂದಿನ ಗೇರು, ಒಂದು ರಿವರ್ಸ್ ಇದ್ದ ಕಬ್‌ನ ಗೇರ್‌ಬಾಕ್ಸನ್ನೇ ಆಧಾರವಾಗಿಟ್ಟುಕೊಂಡು ಮುಂದೆ 7 ಅಶ್ವಶಕ್ತಿಯ ಕೋಲರ್ ಎಂಜಿನ್ ಕೂರಿಸಿ ಕಬ್ ಕ್ಯಾಡೆಟ್ ಮಾಡಿತು. ಹೊಲ ಉಳುವ ಹಲ್ಲಿಗೆ ಹುಲ್ಲು ಕತ್ತರಿಸುವ ಕೆಲಸ. ಸವೆಯುವುದಾದರೂ ಹೇಗೆ?

ಮೊದಲ ಮಾದರಿಯಲ್ಲಿ ಎಂಜಿನ್ನಿನ ಬಲ ವಿ-ಬೆಲ್ಟಿನ ಮೂಲಕ ಹಿಂದಕ್ಕೆ ಹೋಗುತ್ತಿತ್ತು. ಬೆಲ್ಟು ಅಗ್ಗ, ಸದ್ದು ಕಡಿಮೆ. ಆದರೆ ಹಳತಾದ ಬೆಲ್ಟು ಭಾರ ಬಿದ್ದಾಗ ಜಾರುತ್ತದೆ. ಕಂಪನಿಗೂ ಅದು ಬಹಳ ದಿನ ಒಗ್ಗಲಿಲ್ಲ. 1963ರಲ್ಲಿ ಬಂದ 70 ಮತ್ತು 100 ಮಾದರಿಗಳಲ್ಲಿ ಬೆಲ್ಟು ಮಾಯವಾಗಿ, ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ನೇರವಾಗಿ ಉಕ್ಕಿನ ಶಾಫ್ಟು ಬಂತು. ರಿಪೇರಿ ಮಾಡುವವರ ನಿಜವಾದ ಪಾಠಶಾಲೆ ಇದೇ.

ಶಾಫ್ಟಿನ ಮುಂದಿನ ತುದಿಯಲ್ಲಿ ಕ್ಲಚ್ ಇದೆ. ಎಂಜಿನ್ನಿನ ಕಡೆಯಿಂದ ಮೂರು ಪಿನ್ನುಗಳು ಚಾಚಿಕೊಂಡಿರುತ್ತವೆ. ಅವು ಕ್ಲಚ್ ಪ್ಲೇಟನ್ನು ತಿರುಗಿಸುತ್ತವೆ. ಆ ಪ್ಲೇಟನ್ನು ಪ್ರೆಷರ್ ಪ್ಲೇಟುಗಳು ಅದುಮಿ ಹಿಡಿಯುತ್ತವೆ, ಅದುಮುವ ಬಲ ಕೊಡುವುದು ಶಾಫ್ಟಿನ ಮೇಲೇ ಕೂತ ದಪ್ಪ ಸ್ಪ್ರಿಂಗು. ಪೆಡಲ್ ತುಳಿದರೆ ರಿಲೀಸ್ ಬೇರಿಂಗ್ ಸ್ಪ್ರಿಂಗನ್ನು ಒತ್ತಿ ಹಿಡಿತ ಬಿಡಿಸುತ್ತದೆ. ಈ ಸಂಸಾರವನ್ನೆಲ್ಲ ಶಾಫ್ಟಿಗೆ ಕಟ್ಟಿಹಾಕಿರುವುದು ಚಾಪೆ ಸುತ್ತಿದಂತೆ ಉಕ್ಕಿನ ತಗಡನ್ನು ಸುರುಳಿ ಸುತ್ತಿ ಮಾಡಿದ ಸ್ಪ್ರಿಂಗ್ ಪಿನ್ನುಗಳು. ಹಿಂದೆ ಗೇರ್‌ಬಾಕ್ಸಿಗೆ ಸೇರುವ ಕಪ್ಲಿಂಗಿನಲ್ಲೂ ಅಂಥದ್ದೇ ಪಿನ್ನು.

ರೋಗ ಶುರುವಾಗುವುದು ಈ ಪಿನ್ನಿನ ರಂಧ್ರಗಳಲ್ಲಿ. ಪೆಡಲ್ ಬಿಟ್ಟಾಗಲೆಲ್ಲ ಒಂದು ಸಣ್ಣ ಪೆಟ್ಟು. ವರ್ಷಗಟ್ಟಲೆ ಪೆಟ್ಟು ತಿಂದು ದುಂಡನೆಯ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗಾಡಿ ಹೊರಡುವಾಗ ಟಣ್ ಎನ್ನುತ್ತದೆ, ಒಂದು ದಿನ ಪಿನ್ನು ಕತ್ತರಿಸಿ ನಿಂತೇಬಿಡುತ್ತದೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ: ಕತ್ತರಿಸಿದ್ದು ಪಿನ್ನು, ಉಳಿದದ್ದು ಗೇರಿನ ಹಲ್ಲು. ಇನ್ನೊಂದು ರೋಗ ನಿಲ್ಲಿಸಿಟ್ಟ ಗಾಡಿಯದು. ತೇವಕ್ಕೆ ಕ್ಲಚ್ ಪ್ಲೇಟು ಪಕ್ಕದ ಕಬ್ಬಿಣಕ್ಕೆ ತುಕ್ಕಿನಲ್ಲೇ ಅಂಟಿ, ಎಷ್ಟು ತುಳಿದರೂ ಬಿಡುವುದಿಲ್ಲ; ಗೇರು ಹಾಕಿದರೆ ಹಲ್ಲು ಕಡಿದ ಸದ್ದು. ಆ ಸದ್ದಿಗೆ ಗೇರ್‌ಬಾಕ್ಸನ್ನು ದೂರಿ ಅದನ್ನು ಬಿಚ್ಚುವವರಿದ್ದಾರೆ. ದಂಡದ ಕೆಲಸ.

ಕ್ಲಚ್ ಹೊರತೆಗೆಯಲು ಹಿಂದಿನ ಕಪ್ಲಿಂಗಿನಿಂದ ಆರಂಭಿಸಬೇಕು. ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಪಿನ್ನಿಗೆ ನೇರ ಪೆಟ್ಟು ಬೀಳುವಂತೆ ನಿಲ್ಲಿಸಿ, ಸರಿಯಾದ ಗಾತ್ರದ ಪಂಚ್ ಇಟ್ಟು ಹೊಡೆಯಬೇಕು. ಸಣ್ಣ ಪಂಚ್ ಸುರುಳಿಯ ನಡುವೆ ಸಿಕ್ಕಿಹಾಕಿಕೊಂಡರೆ ಪಿನ್ನು ಅಲ್ಲೇ ಉಬ್ಬಿ ಕೂರುತ್ತದೆ. ರಂಧ್ರ ಸವೆದಿದ್ದರೆ ಅದೇ ಶಾಫ್ಟಿಗೆ ಹೊಸ ಪಿನ್ನು ಹೊಡೆದು ಪ್ರಯೋಜನವಿಲ್ಲ, ಬೇಗನೆ ಮತ್ತೆ ಸಡಿಲ. ಕೆಲವರು ಪಿನ್ನಿನ ಬದಲು ಬೋಲ್ಟು ತೂರಿಸುತ್ತಾರೆ, ಇನ್ನು ಕೆಲವರು ಕಪ್ಲಿಂಗನ್ನು ಶಾಫ್ಟಿಗೆ ವೆಲ್ಡಿಂಗ್ ಮಾಡಿಬಿಡುತ್ತಾರೆ. ವೆಲ್ಡಿಂಗ್ ಮಾಡಿದವರ ಮೇಲೆ ನನಗೆ ಸಿಟ್ಟಿದೆ: ಮುಂದೆ ಬಿಚ್ಚುವವನಿಗೆ ಉಳಿಯುವುದು ಗರಗಸವೊಂದೇ. ಹೊಸ ಶಾಫ್ಟು ಕೊಳ್ಳುವುದು, ಇಲ್ಲವೇ ಲೇತ್‌ನಲ್ಲಿ ಮಾಡಿಸುವುದು ಮೇಲು. ಎಂಜಿನ್ ನೇರ ಕೂತಿದೆಯೇ ಎಂದೂ ನೋಡಬೇಕು. 1970ರ ದಶಕದ ಮಾದರಿಗಳಲ್ಲಿ ಅದುರು ತಗ್ಗಿಸಲೆಂದು ಎಂಜಿನ್ ಕೆಳಗೆ ರಬ್ಬರ್ ಇಟ್ಟರು. ರಬ್ಬರ್ ಸವೆದರೆ ಎಂಜಿನ್ ಕುಸಿದು ಶಾಫ್ಟು ವಾಲುತ್ತದೆ, ಹೊಸ ಪಿನ್ನನ್ನೂ ತಿನ್ನುತ್ತದೆ.

ಮೂರನೆಯ ದಾರಿ ಎಣ್ಣೆಯದು. 1960ರ ದಶಕದ ನಡುವೆ ಬಂದ 123 ಮಾದರಿಯಲ್ಲಿ ಕ್ಲಚ್ಚೂ ಇಲ್ಲ, ಗೇರು ಬದಲಿಸುವ ಕೆಲಸವೂ ಇಲ್ಲ. ಶಾಫ್ಟು ಸನ್‌ಸ್ಟ್ರಾಂಡ್ ಕಂಪನಿಯ ಹೈಡ್ರೋಸ್ಟಾಟಿಕ್ ಪಂಪನ್ನು ತಿರುಗಿಸುತ್ತದೆ, ಪಂಪು ತಳ್ಳಿದ ಎಣ್ಣೆ ಪಕ್ಕದ ಮೋಟಾರನ್ನು ತಿರುಗಿಸುತ್ತದೆ. ಲಿವರ್ ಎಷ್ಟು ಸರಿಸಿದರೆ ಅಷ್ಟು ವೇಗ. ಹಿಂದಿನ ಹೌಸಿಂಗಿನಲ್ಲಿ ಸುಮಾರು ಆರೂವರೆ ಲೀಟರ್ ಎಣ್ಣೆ ಹಿಡಿಯುತ್ತದೆ. ಡಿಫರೆನ್ಷಿಯಲ್ಲನ್ನು ನೆನೆಸುವುದೂ ಪಂಪಿನಲ್ಲಿ ದುಡಿಯುವುದೂ ಅದೇ. ಬಣ್ಣ ಹಾಲಿನಂತಾಗಿದ್ದರೆ ನೀರು ಸೇರಿದೆ ಎಂದರ್ಥ. ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸದೆ ಬೇರೇನನ್ನೂ ಮುಟ್ಟಬಾರದು.

1981ರಲ್ಲಿ ಕಬ್ ಕ್ಯಾಡೆಟ್ ಎಂಟಿಡಿ ಕಂಪನಿಯ ಕೈಗೆ ಹೋಯಿತು. ಆದರೂ ಹಳೆಯ ಗಾಡಿಗಳ ಕ್ಲಚ್ ಪ್ಲೇಟು, ಪಿನ್ನು, ಬೇರಿಂಗು ಇಂದಿಗೂ ಹೊಸದಾಗಿ ಸಿಗುತ್ತವೆ. ಹೈಡ್ರೋಸ್ಟಾಟಿಕ್ ಗಾಡಿಯಲ್ಲಿ ಮಾತ್ರ ಕೆಲವನ್ನು ಕೈಯಾರೆ ಸರಿಮಾಡಬೇಕು. ಗಾಡಿ ನ್ಯೂಟ್ರಲ್‌ನಲ್ಲೂ ತೆವಳುತ್ತಿದ್ದರೆ, ಜಗ್ಗಿ ಜಗ್ಗಿ ಓಡುತ್ತಿದ್ದರೆ, ಪಂಪಿನಲ್ಲಿ ಎಣ್ಣೆಯ ಹರಿವು ಹೊಂದಿಸುವ ಓರೆತಟ್ಟೆಯನ್ನು ವಾಲಿಸುವ ತುಂಡಿನಲ್ಲಿ ಸೀಳು ಸವೆದು ಅಗಲವಾಗಿರುತ್ತದೆ. ಅದಕ್ಕೆ ವೆಲ್ಡಿಂಗ್ ತುಂಬಿ, ಅರದಿಂದ ಮೊದಲಿನ ಅಗಲಕ್ಕೆ ಉಜ್ಜಬೇಕು. ಇಲ್ಲಿ ವೆಲ್ಡಿಂಗಿಗೆ ನನ್ನ ತಕರಾರಿಲ್ಲ. ಬಳಿಕ ಹಿಂದಿನ ಚಕ್ರಗಳು ನೆಲ ಬಿಡುವಂತೆ ಗಾಡಿಯನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಲಿವರ್ ನ್ಯೂಟ್ರಲ್‌ಗೆ ಬಂದಾಗ ಚಕ್ರಗಳೆರಡೂ ತಿರುಗದಂತೆ ಲಿಂಕನ್ನು ಹೊಂದಿಸಬೇಕು. ಬರೀ ಜಾಕಿನ ಮೇಲೆ ನಿಲ್ಲಿಸಿ ಈ ಕೆಲಸಕ್ಕೆ ಇಳಿಯಬಾರದು: ಓಡುವ ಎಂಜಿನ್ನಿನ ಅದುರಿಗೆ ಜಾಕು ಜಾರಿದರೆ, ಚಕ್ರ ನೆಲ ಮುಟ್ಟಿದ ಕ್ಷಣವೇ ಗಾಡಿ ಹೊರಟುಬಿಡುತ್ತದೆ.