ಗುಜರಿಯ ತಕ್ಕಡಿಯಲ್ಲಿ ಹಳೆಯ ಸೀಸೆಗಳು: ಗುರುತು, ಮೌಲ್ಯ ಮತ್ತು ಕಾನೂನು

ಪಶ್ಚಿಮ ಬೆಂಗಳೂರಿನ ಮೂಡಲಪಾಳ್ಯ, ಕಾಮಾಕ್ಷಿಪಾಳ್ಯ, ವಿಜಯನಗರ, ರಾಜಾಜಿನಗರ ಮೊದಲಾದ ಪ್ರದೇಶಗಳಲ್ಲಿ ಹಳೆಯ ಮನೆ, ಮಳಿಗೆ ಹಾಗೂ ಕಾರ್ಖಾನೆಯ ಷೆಡ್ಡುಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವುದು ಸಾಮಾನ್ಯ ಸಂಗತಿಯಾಗಿದೆ. ಹೀಗೆ ಕೆಡವುವಾಗ ಅಟ್ಟದಿಂದಲೂ ಉಗ್ರಾಣದಿಂದಲೂ ಹೊರಬರುವ ವಸ್ತುಗಳಲ್ಲಿ ಕಬ್ಬಿಣ, ಹಿತ್ತಾಳೆ, ತೇಗದ ಮರಗಳಿಗೆ ಮೊದಲು ಬೆಲೆ ಕಟ್ಟಲಾಗುತ್ತದೆ. ಕಟ್ಟಕಡೆಗೆ ಉಳಿಯುವುದು ಗಾಜು. ಅದು ಗುಜರಿ ಅಂಗಡಿಯ ತಕ್ಕಡಿಯೇರಿ, ಕೆಲವು ದಿನಗಳಲ್ಲಿಯೇ ಕುಲುಮೆ ಸೇರುತ್ತದೆ. ಆ ರಾಶಿಯಲ್ಲಿ ಊರಿನ ಹೆಸರು ಮತ್ತು ವರ್ತಕರ ಹೆಸರು ಉಬ್ಬು ಅಕ್ಷರಗಳಲ್ಲಿ ಮೂಡಿರುವ ಹಳೆಯ ಸೀಸೆಗಳೂ ಇರಬಹುದು. ಎಷ್ಟೋ ಸಣ್ಣ ಉದ್ಯಮಗಳ ಕುರಿತು ಉಳಿದಿರುವ ಏಕೈಕ ದಾಖಲೆ ಇಂತಹ ಸೀಸೆಯೇ ಆಗಿರಬಹುದು. ಆದ್ದರಿಂದ ಅವುಗಳನ್ನು ಗುರುತಿಸುವ ಬಗೆ, ಅವುಗಳ ಮೌಲ್ಯ ಹಾಗೂ ಸಂಬಂಧಪಟ್ಟ ಕಾನೂನುಗಳನ್ನು ಸದಸ್ಯರ ಅವಗಾಹನೆಗೆ ಇಲ್ಲಿ ವಿವರಿಸಲಾಗಿದೆ.

ನೆಲ ಅಗೆದರೆ ಸೀಸೆ ದೊರೆಯುವುದೇ?

ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಹಳೆಯ ಸೀಸೆಗಳಿಗಾಗಿ ನೆಲ ಅಗೆಯುವುದು ಒಂದು ಪ್ರಸಿದ್ಧ ಹವ್ಯಾಸ. ಅಲ್ಲಿನ ಪಟ್ಟಣಗಳು 19ನೆಯ ಶತಮಾನದಲ್ಲಿ ಒಲೆಯ ಬೂದಿಯನ್ನೂ ಮನೆಯ ಕಸವನ್ನೂ ಊರ ಹೊರಗಿನ ಹಳ್ಳಗಳಲ್ಲಿ ಸುರಿಯುತ್ತಿದ್ದವು. ಆ ಬೂದಿಯ ಪದರಗಳಲ್ಲಿ ಸೀಸೆಗಳು ಒಡೆಯದೆ ಉಳಿದುಕೊಂಡಿವೆ. ನಮ್ಮಲ್ಲಿಯ ಪರಿಸ್ಥಿತಿ ಬೇರೆಯೇ ಆಗಿತ್ತು. ಸೀಸೆಯೆಂಬುದು ಇಲ್ಲಿ ಎಸೆಯುವ ವಸ್ತುವಾಗಿರಲಿಲ್ಲ. ಸೋಡಾ ಸೀಸೆ ಅಂಗಡಿಗೇ ಹಿಂದಿರುಗುತ್ತಿತ್ತು. ಮಿಕ್ಸ್ಚರ್ ಪಡೆಯಲು ರೋಗಿಯೇ ಮನೆಯಿಂದ ಸೀಸೆ ಒಯ್ಯಬೇಕಿತ್ತು; ಕಾಂಪೌಂಡರರು ಅದಕ್ಕೆ ಔಷಧಿ ತುಂಬಿ, ಹೊತ್ತಿಗಿಷ್ಟೆಂದು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಖಾಲಿಯಾದ ಶಾಯಿಯ ಸೀಸೆ ಬತ್ತಿ ಹೊತ್ತು ಸೀಮೆಎಣ್ಣೆಯ ಬುಡ್ಡಿಯಾಗುತ್ತಿತ್ತು. ಕೊನೆಗೆ ಒಡೆದರೂ ಗಾಜಿನ ಚೂರಿಗೆ ಗಿರಾಕಿಯಿದ್ದೇ ಇದ್ದನು.

ಆದ್ದರಿಂದ ಬೆಂಗಳೂರಿನಲ್ಲಿ ಹಳೆಯ ಸೀಸೆ ನೆಲದೊಳಗೆ ದೊರೆಯುವುದಕ್ಕಿಂತ ಮಿಗಿಲಾಗಿ ವ್ಯಾಪಾರದ ಸರಪಳಿಯಲ್ಲಿಯೇ ದೊರೆಯುತ್ತದೆ. 1809ರಲ್ಲಿ ನೆಲೆಗೊಂಡ ದಂಡುಪ್ರದೇಶ, ಯುರೋಪಿಯನ್ನರು ಬಹುಸಂಖ್ಯೆಯಲ್ಲಿ ವಾಸವಾಗಿದ್ದ ಕೋಲಾರದ ಚಿನ್ನದ ಗಣಿ ಪ್ರದೇಶ ಮುಂತಾದೆಡೆ ಪಾಯ ತೋಡುವಾಗ ಅಥವಾ ಮುಚ್ಚಿಹೋದ ಬಾವಿಯ ಹೂಳು ತೆಗೆಯುವಾಗ ಸೀಸೆಗಳು ಸಿಗುವ ಸಂಭವವುಂಟು. ಆದರೆ ಕಳೆದ ಶತಮಾನದ ಕೊನೆಯ ದಶಕಗಳವರೆಗೂ ಹೊಲ, ತೋಪುಗಳ ನಡುವಿನ ಹಳ್ಳಿಯಾಗಿದ್ದ ಮೂಡಲಪಾಳ್ಯದಂತಹ ಕಡೆ ನೆಲದ ಮೇಲ್ಪದರಗಳಲ್ಲಿ ಕಾಣುವುದು ಬಹುಮಟ್ಟಿಗೆ ಕಟ್ಟಡದ ಭಗ್ನಾವಶೇಷಗಳೇ. ಇಲ್ಲಿ ಹುಡುಕಬೇಕಾದುದು ಅಟ್ಟವನ್ನು, ಹಳೆಯ ದಿನಸಿ ಅಂಗಡಿಯ ಮೇಲ್ಗೂಡನ್ನು, ಗುಜರಿಯ ಚೀಲವನ್ನು. ಚಿಕ್ಕಪೇಟೆಯ ಆಸುಪಾಸಿನ ಭಾನುವಾರದ ಬಜಾರಿಗೆ ಬರುವ ಹಳೆಯ ಸಾಮಾನುಗಳ ಮೂಲವೂ ಬಹುಪಾಲು ಇಂತಹವೇ.

ಹೆಸರನ್ನು ಗಾಜಿನಲ್ಲಿಯೇ ಏಕೆ ಮೂಡಿಸಿದರು?

ಹಿಂದೆ ಒಳಗಿನ ಪಾನೀಯಕ್ಕಿಂತ ಸೀಸೆಯೇ ದುಬಾರಿಯಾಗಿತ್ತು. ಗ್ರಾಹಕನು ಪಾನೀಯವನ್ನು ಮಾತ್ರ ಕೊಳ್ಳುತ್ತಿದ್ದನು. ಸೀಸೆ ತಯಾರಕನ ಸ್ವತ್ತಾಗಿಯೇ ಉಳಿಯುತ್ತಿತ್ತು. ತನ್ನ ಸೀಸೆಗೆ ಮತ್ತೊಬ್ಬನು ಸೋಡಾ ತುಂಬಿ ಮಾರದಂತೆ ತಡೆಯಲು ಕಾಗದದ ಚೀಟಿ ಸಾಲದು, ಅದು ನೀರಿನಲ್ಲಿ ನೆನೆದು ಕಳಚಿಹೋಗುತ್ತದೆ. ಹೀಗಾಗಿ ಅಚ್ಚಿನಲ್ಲಿಯೇ ಹೆಸರು ಕೊರೆಸುವ ಪದ್ಧತಿ ಬಂದಿತು. ಇಂದು ಸಂಗ್ರಹಕಾರರು ಬೆಲೆ ಕೊಡುವುದು ಮುಖ್ಯವಾಗಿ ಈ ಅಕ್ಷರಗಳಿಗೆ. ಒಂದೇ ಆಕಾರದ ಎರಡು ಸೀಸೆಗಳಲ್ಲಿ ಊರು ಮತ್ತು ವರ್ತಕರ ಹೆಸರುಳ್ಳದ್ದಕ್ಕೆ ಹೆಚ್ಚಿನ ಬೇಡಿಕೆ. ಹೆಸರಿಲ್ಲದ್ದು ಕೇವಲ ಗಾಜು.

ಗೋಲಿ ಸೋಡಾ ಸೀಸೆ

ನಮ್ಮ ನಾಡಿನಲ್ಲಿ ಹೆಚ್ಚು ಪರಿಚಿತವಾದ ಹಳೆಯ ಸೀಸೆಯೆಂದರೆ ಗೋಲಿ ಸೋಡಾದ್ದು. ಇದರ ಕರ್ತೃ ಇಂಗ್ಲೆಂಡಿನ ಹೈರಮ್ ಕಾಡ್ ಎಂಬ ಎಂಜಿನಿಯರು. 1872ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಅದಕ್ಕೂ ಮೊದಲು ಸೋಡಾ ಸೀಸೆಗೆ ಬಿರಡೆಯೇ ಗತಿಯಾಗಿತ್ತು. ಬಿರಡೆ ಒಣಗಿದರೆ ಕುಗ್ಗಿ ಅನಿಲ ಸೋರಿಹೋಗುತ್ತದೆ. ಅದು ಸದಾ ಒದ್ದೆಯಾಗಿರಲೆಂದು ಸೀಸೆಯನ್ನು ನಿಲ್ಲಿಸಲಾಗದಂತೆ ಮೊಟ್ಟೆಯಾಕಾರದ ಬುಡವಿಟ್ಟು ತಯಾರಿಸುತ್ತಿದ್ದರು. ಕಾಡ್ ಅವರ ಸೀಸೆಗೆ ಬಿರಡೆಯೇ ಬೇಕಿಲ್ಲ. ಸೀಸೆಯನ್ನು ತಲೆಕೆಳಗಾಗಿಸಿ ಅನಿಲಸಹಿತ ನೀರನ್ನು ತುಂಬಿದಾಗ, ಒಳಗಿನ ಒತ್ತಡವೇ ಗೋಲಿಯನ್ನು ಕತ್ತಿನಲ್ಲಿರುವ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಗೋಲಿಯನ್ನು ಕೆಳಗೆ ತಳ್ಳಿದರೆ ಸೀಸೆ ತೆರೆಯುತ್ತದೆ. ಕುಡಿಯುವಾಗ ಗೋಲಿ ಬಾಯಿಗೆ ಅಡ್ಡ ಬಾರದಂತೆ ಕತ್ತಿನ ತಗ್ಗುಗಳು ಅದನ್ನು ತಡೆದು ನಿಲ್ಲಿಸುತ್ತವೆ.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಲೋಹದ ಮುಚ್ಚಳಕ್ಕೆ ಪೇಟೆಂಟ್ ಪಡೆದ ಬಳಿಕ ಪಾಶ್ಚಾತ್ಯ ದೇಶಗಳಲ್ಲಿ ಗೋಲಿ ಸೀಸೆ ಕ್ರಮೇಣ ಮರೆಯಾಯಿತು. ಭಾರತ ಮತ್ತು ಜಪಾನ್‌ಗಳಲ್ಲಿ ಅದು ಬದುಕಿ ಉಳಿಯಿತು. ಜಪಾನಿನಲ್ಲಿ ‘ರಾಮುನೆ’ ಎಂಬ ಪಾನೀಯ ಇಂದಿಗೂ ಇದೇ ಬಗೆಯ ಸೀಸೆಯಲ್ಲಿ ಮಾರಾಟವಾಗುತ್ತದೆ. ನಮ್ಮಲ್ಲಿ ಉತ್ತರ ಪ್ರದೇಶದ ಸಾಸ್ನಿಯಲ್ಲಿ ಗೋಲಿ ಸೀಸೆಗಳ ತಯಾರಿಕೆ ಮುಂದುವರಿಯಿತು. 2025ರ ಮಾರ್ಚ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಗೋಲಿ ಸೋಡಾ ಅಮೆರಿಕ, ಬ್ರಿಟನ್, ಯುರೋಪ್ ಮತ್ತು ಕೊಲ್ಲಿ ರಾಷ್ಟ್ರಗಳ ಮಾರುಕಟ್ಟೆ ತಲುಪಿರುವುದನ್ನು ಪ್ರಕಟಿಸಿತು.

ಕೊಳ್ಳುವವರು ಇದರಿಂದ ಅರಿಯಬೇಕಾದ ಅಂಶವೊಂದಿದೆ. ತಯಾರಿಕೆ ನಿಲ್ಲದೆ ನಡೆದುಬಂದಿರುವುದರಿಂದ, ಗೋಲಿಯಿದ್ದ ಮಾತ್ರಕ್ಕೆ ಸೀಸೆ ನೂರು ವರ್ಷ ಹಳೆಯದಾಗುವುದಿಲ್ಲ. ಆಕಾರವು ವಯಸ್ಸಿಗೆ ಸಾಕ್ಷಿಯಲ್ಲ.

ಕಾಲ ನಿರ್ಣಯಿಸುವ ಕ್ರಮ

ಸಾಮಾನ್ಯ ಸೀಸೆಗಳಲ್ಲಿ ಮೊದಲು ನೋಡಬೇಕಾದುದು ಅಚ್ಚಿನ ಎರಡು ಭಾಗಗಳು ಕೂಡುವ ಗೆರೆಯನ್ನು. ಆ ಗೆರೆ ಕತ್ತಿನವರೆಗೆ ಬಂದು ಬಾಯಿಯ ಕೆಳಗೇ ನಿಂತಿದ್ದರೆ, ಬಾಯಿಯನ್ನು ಕೈಯಿಂದ ರೂಪಿಸಲಾಗಿದೆ ಎಂದರ್ಥ. ಬಾಯಿಯ ಅಂಚಿನವರೆಗೂ ಹರಿದಿದ್ದರೆ ಅದು ಯಂತ್ರದಿಂದ ತಯಾರಾದದ್ದು. ಅಮೆರಿಕದ ಮೈಕೇಲ್ ಓವೆನ್ಸ್ ಅವರ ಸ್ವಯಂಚಾಲಿತ ಯಂತ್ರ 1903ರ ಸುಮಾರಿಗೆ ಬಂದುದರಿಂದ, ಇಂತಹ ಸೀಸೆ ಅದಕ್ಕಿಂತ ಹಿಂದಿನದಾಗಿರುವುದು ಅಸಂಭವ. ಗೋಲಿ ಸೀಸೆಗೆ ಮಾತ್ರ ಈ ನಿಯಮವನ್ನು ನೇರವಾಗಿ ಅನ್ವಯಿಸಲಾಗದು. ಗೋಲಿಯನ್ನು ಒಳಗೆ ಹಾಕಿದ ನಂತರವೇ ಬಾಯಿಯನ್ನು ಕಿರಿದುಗೊಳಿಸಬೇಕಾದ ಕಾರಣ, ಅದರ ಬಾಯಿಯನ್ನು ಪ್ರತ್ಯೇಕವಾಗಿ ರೂಪಿಸುವ ಕ್ರಮ ಬಹುಕಾಲ ಮುಂದುವರಿಯಿತು.

ಎರಡನೆಯದು ಬಣ್ಣ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ತಿಳಿ ಹಸಿರು ಛಾಯೆ ಬರುತ್ತದೆ. ಆ ಛಾಯೆಯನ್ನು ಅಳಿಸಲು ಮ್ಯಾಂಗನೀಸ್ ಬೆರೆಸಿದ ಹಳೆಯ ಗಾಜು, ದೀರ್ಘಕಾಲ ಬಿಸಿಲಿನಲ್ಲಿದ್ದರೆ ನಸುನೇರಳೆಗೆ ತಿರುಗುತ್ತದೆ. ಮಣ್ಣಿನಲ್ಲಿ ಹೂತಿದ್ದ ಗಾಜಿನ ಮೇಲೆ ಕಾಮನಬಿಲ್ಲಿನಂತಹ ಪೊರೆ ಕಾಣುವುದು ತೇವಾಂಶದಿಂದ ಅದರ ಕ್ಷಾರ ಕರಗಿಹೋದುದರ ಫಲ. ಆದರೆ ಬಣ್ಣವನ್ನು ಕೃತಕವಾಗಿಯೂ ಬರಿಸಬಹುದಾದುದರಿಂದ, ಅದೊಂದನ್ನೇ ನಂಬುವುದು ವಿಹಿತವಲ್ಲ.

ಮೂರನೆಯದು ಹಾಗೂ ನಮ್ಮವರಿಗೆ ಹೆಚ್ಚು ಉಪಯುಕ್ತವಾದುದು ಬರಹ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ವಿಳಾಸವಿದ್ದರೆ ಅದು ದಂಡುಪ್ರದೇಶದ ಆಡಳಿತ ಪ್ರತ್ಯೇಕವಾಗಿದ್ದ ಕಾಲದ್ದು. ಆ ಪ್ರದೇಶ 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು, 1949ರಲ್ಲಿ ನಗರ ಕಾರ್ಪೊರೇಷನ್ನಿನಲ್ಲಿ ವಿಲೀನವಾಯಿತು. ಬೆಲೆ ಆಣೆಗಳಲ್ಲಿದ್ದರೆ ದಶಮಾಂಶ ನಾಣ್ಯಗಳು ಬಂದ 1957ಕ್ಕೆ ಹಿಂದಿನದೆಂದು ಊಹಿಸಬಹುದು. ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ನಂತರದ್ದು. ರಾಜ್ಯದ ಹೆಸರು ಕರ್ನಾಟಕವೆಂದಿದ್ದರೆ ಬಹುತೇಕ 1973ರ ನವೆಂಬರಿನ ಈಚಿನದು. ಹೀಗೆ ಚೀಟಿಯ ಹರಕೂ ಸಾಕ್ಷ್ಯವಾಗುವುದರಿಂದ ಅದನ್ನು ತೊಳೆದುಹಾಕಬಾರದು.

ನಮ್ಮ ಉದ್ಯಮಗಳ ಕುರುಹು

ಬೆಂಗಳೂರಿನ ಸೀಸೆಗಳನ್ನು ಸಂಗ್ರಹಿಸುವವರ ಮುಂದೆ ಈ ನಗರದ ಉದ್ಯಮ ಚರಿತ್ರೆಯೇ ಹರಡಿಕೊಂಡಿದೆ. 1885ರಲ್ಲಿ ಆರಂಭವಾದ ಬೆಂಗಳೂರು ಬ್ರೂಯಿಂಗ್ ಕಂಪನಿಯೂ ಸೇರಿದಂತೆ ದಕ್ಷಿಣದ ಐದು ಬ್ರೂವರಿಗಳನ್ನು ಥಾಮಸ್ ಲೀಷ್‌ಮನ್ ಎಂಬುವರು 1915ರಲ್ಲಿ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. ಮರುವರ್ಷ, ಅಂದರೆ 1916ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿ ಜನ್ಮ ತಾಳಿತು. ಅದೇ ವರ್ಷ ಬೆಂಗಳೂರಿನಲ್ಲಿ ಶ್ರೀಗಂಧದ ಎಣ್ಣೆ ತೆಗೆಯುವ ಕಾರ್ಯವೂ ಪ್ರಾರಂಭವಾಯಿತು. ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಗೊಂಡು, ಪಶ್ಚಿಮ ಬೆಂಗಳೂರಿನ ಕೈಗಾರಿಕಾ ಬದುಕಿನ ಭಾಗವಾಯಿತು. 1977ರಲ್ಲಿ ಕೋಕಾ-ಕೋಲಾ ದೇಶ ತೊರೆದಾಗ ಕೇಂದ್ರ ಸರ್ಕಾರದ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಮಾರುಕಟ್ಟೆಗೆ ತಂದ ‘ಡಬಲ್ ಸೆವೆನ್’ ಪಾನೀಯದ ಸೂತ್ರ ಸಿದ್ಧವಾದುದು ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ.

ದೊಡ್ಡ ಸಂಸ್ಥೆಗಳಿಗೆ ಕಡತಗಳಿವೆ, ವಾರ್ಷಿಕ ವರದಿಗಳಿವೆ. ಆದರೆ ಬೀದಿಯ ಸೋಡಾ ಕಾರ್ಖಾನೆ, ಅರಿಷ್ಟ-ಆಸವಗಳ ತಯಾರಕ, ಅತ್ತರಿನ ವರ್ತಕ, ಶಾಯಿ ತಯಾರಿಸುತ್ತಿದ್ದ ಗೃಹ ಕೈಗಾರಿಕೆ, ಇವರ ಲೆಕ್ಕಪುಸ್ತಕಗಳು ಗೆದ್ದಲು ಪಾಲಾಗಿವೆ. ಗೆದ್ದಲು ತಿನ್ನಲಾರದ ದಾಖಲೆಯೆಂದರೆ ಗಾಜು ಮಾತ್ರ. ಕುಲುಮೆಯವರಿಗೂ ಒಡಕು ಗಾಜು ಬೇಕು. ಕಚ್ಚಾ ಸಾಮಗ್ರಿಯಲ್ಲಿ ಪ್ರತಿ ಶೇ. 10ರಷ್ಟು ಒಡಕು ಗಾಜು ಬೆರೆಸಿದರೆ ಶೇ. 2.5ರಿಂದ 3ರಷ್ಟು ಇಂಧನ ಉಳಿಯುತ್ತದೆಂಬುದು ಉದ್ಯಮದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಗೋಲಿ ಸೀಸೆ ದಪ್ಪ ಗಾಜಿನದಾದ್ದರಿಂದ ತೂಕ ಹೆಚ್ಚು. ತೂಕಕ್ಕೆ ಮಾರಿದಾಗ ಅದೇ ಮೊದಲು ಹೋಗುವುದು ಸಹಜ. ಗುಜರಿ ವ್ಯಾಪಾರವನ್ನು ಇದಕ್ಕಾಗಿ ದೂರುವಂತಿಲ್ಲ. ನಷ್ಟ ಸಂಭವಿಸುವುದು ತಕ್ಕಡಿಗೆ ಹಾಕುವ ಮುನ್ನ ಯಾರೂ ಓದಿ ನೋಡದೆ ಇರುವುದರಿಂದ.

ಕಾನೂನಿನ ಮಿತಿಗಳು

ಈ ವ್ಯವಹಾರಕ್ಕೆ ಇಳಿಯುವವರು ಮೂರು ವಿಷಯಗಳನ್ನು ತಿಳಿದಿರಬೇಕು.

ಒಂದು, ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972. ಐತಿಹಾಸಿಕ ಮಹತ್ವವುಳ್ಳ, ನೂರು ವರ್ಷಗಳಿಗೆ ಕಡಿಮೆಯಿಲ್ಲದ ವಸ್ತು ಇದರ ವ್ಯಾಪ್ತಿಗೆ ಬರಬಹುದು. ಪ್ರಾಚ್ಯವಸ್ತುಗಳ ಮಾರಾಟವನ್ನು ವೃತ್ತಿಯಾಗಿ ನಡೆಸಲು ಪರವಾನಗಿ ಅಗತ್ಯ. ಅವುಗಳನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾಗೃಹವಾಸ ಮತ್ತು ದಂಡನೆಗೆ ಅವಕಾಶವಿದೆ. ಹೊರದೇಶದ ಸಂಗ್ರಹಕಾರರಿಂದ ಬೇಡಿಕೆ ಬಂದಲ್ಲಿ, ವಸ್ತುವು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆಯುವುದು ಸುರಕ್ಷಿತ ಮಾರ್ಗ. ನೂರು ವರ್ಷದ ಗೆರೆ ಪ್ರತಿವರ್ಷವೂ ಮುಂದೆ ಸರಿಯುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಎರಡು, ನೆಲ ಅಗೆಯುವುದು. ಕೆರೆಯಂಗಳ, ರಾಜಕಾಲುವೆ ಮತ್ತು ಸರ್ಕಾರಿ ಜಮೀನುಗಳಲ್ಲಿ ಅನುಮತಿಯಿಲ್ಲದೆ ಅಗೆಯತಕ್ಕದ್ದಲ್ಲ. ಖಾಸಗಿ ನಿವೇಶನದಲ್ಲಿ ಮಾಲೀಕರ ಲಿಖಿತ ಒಪ್ಪಿಗೆ ಇರಲಿ. ನೆಲದಲ್ಲಿ ಬೆಲೆಬಾಳುವ ವಸ್ತು ದೊರೆತಾಗ ಜಿಲ್ಲಾಧಿಕಾರಿಗಳಿಗೆ ತಿಳಿಸುವ ಕರ್ತವ್ಯವನ್ನು ಕರ್ನಾಟಕ ನಿಧಿ-ನಿಕ್ಷೇಪ ಅಧಿನಿಯಮ, 1962 ವಿಧಿಸುತ್ತದೆ. ಹಳೆಯ ಕಸದ ಗುಂಡಿಗಳಲ್ಲಿ ಸಿರಿಂಜಿನ ಸೂಜಿ, ಒಡಕು ಗಾಜು, ವಿಷಾನಿಲಗಳ ಅಪಾಯವೂ ಇರುವುದರಿಂದ ಅನನುಭವಿಗಳು ಅಲ್ಲಿಗೆ ಇಳಿಯದಿರುವುದೇ ಲೇಸು.

ಮೂರು, ಮರುಬಳಕೆ. ಮತ್ತೊಂದು ಸಂಸ್ಥೆಯ ಹೆಸರಿರುವ ಸೀಸೆಯಲ್ಲಿ ತನ್ನ ಸರಕನ್ನು ತುಂಬಿ ಮಾರುವುದು ವ್ಯಾಪಾರ ಚಿಹ್ನೆಯ ಉಲ್ಲಂಘನೆಯಾಗಬಹುದು. ಹಳೆಯ ಸೀಸೆ ಪ್ರದರ್ಶನಕ್ಕೆ ಸರಿ, ಪಾನೀಯಕ್ಕಲ್ಲ.

ರಕ್ಷಣೆಯ ವಿಧಾನ

ಸೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೃದುವಾದ ಬ್ರಷ್ಷಿನಿಂದ ಶುಚಿ ಮಾಡಬೇಕು. ಬಿಸಿನೀರಿನಿಂದ ತಣ್ಣೀರಿಗೆ ಒಮ್ಮೆಲೇ ಹಾಕಿದರೆ ಗಾಜು ಸೀಳುತ್ತದೆ. ಆಮ್ಲ ಮತ್ತು ಮರಳಿನ ಬಳಕೆ ಕೂಡದು. ಒಳಗೆ ಹಳೆಯ ಔಷಧಿ ಅಥವಾ ರಾಸಾಯನಿಕ ಉಳಿದಿದ್ದರೆ ವಾಸನೆ ನೋಡುವುದಾಗಲಿ, ಮೋರಿಗೆ ಸುರಿಯುವುದಾಗಲಿ ಸಲ್ಲದು.

ಸದಸ್ಯರಲ್ಲಿ ವಿನಂತಿ

ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಗಳು ದಿನಬಳಕೆಯ ವಸ್ತುಗಳಿಗೂ ಚರಿತ್ರೆಯುಂಟೆಂದು ತೋರಿಸಿಕೊಟ್ಟಿವೆ. ವರ್ತಕ ಸಮುದಾಯವೂ ತನ್ನ ಮಟ್ಟಿಗೆ ಈ ಕಾರ್ಯ ಮಾಡಬಹುದು. ಹಳೆಯ ಮಳಿಗೆ ಖಾಲಿ ಮಾಡುವ ಸದಸ್ಯರು ಗಾಜನ್ನು ತೂಕಕ್ಕೆ ಹಾಕುವ ಮೊದಲು ಹೆಸರುಳ್ಳ ಸೀಸೆಗಳನ್ನು ಬೇರ್ಪಡಿಸಬೇಕು. ಪ್ರತಿಯೊಂದರ ಛಾಯಾಚಿತ್ರ ತೆಗೆದು, ಅದು ಎಲ್ಲಿ, ಯಾರಿಂದ, ಯಾವಾಗ ದೊರೆಯಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಈ ಚೀಟಿಯಿಲ್ಲದ ಸೀಸೆ ಅರ್ಧ ಮೂಕ. ಗುಜರಿ ವರ್ತಕರಿಗೆ ತೂಕದ ದರಕ್ಕಿಂತ ತುಸು ಹೆಚ್ಚು ಕೊಡುವುದಾಗಿ ತಿಳಿಸಿದರೆ, ಅವರೇ ಇಂತಹವನ್ನು ಎತ್ತಿಡುತ್ತಾರೆ. ಹಿರಿಯ ಸಂಸ್ಥೆಗಳು ತಮ್ಮ ಕಚೇರಿಯಲ್ಲಿ ಒಂದು ಗಾಜಿನ ಕಪಾಟನ್ನು ಇದಕ್ಕಾಗಿ ಮೀಸಲಿಟ್ಟರೆ, ಹೆಚ್ಚಿನ ವೆಚ್ಚವಿಲ್ಲದೆ ತಮ್ಮ ಬೀದಿಯ ವ್ಯಾಪಾರದ ಚರಿತ್ರೆಯನ್ನು ಮುಂದಿನ ಪೀಳಿಗೆಗೆ ಒಪ್ಪಿಸಿದಂತಾಗುತ್ತದೆ.