ನೆಲನೆಲ್ಲಿ, ಟೆನೊಫೊವಿರ್ ಮತ್ತು ಹೆಪಟೈಟಿಸ್ ಬಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಮಳೆ ಬಿದ್ದ ಮೇಲೆ ತಾನಾಗಿ ಹುಟ್ಟುವ ನೆಲನೆಲ್ಲಿಯು ಎಲೆಸಾಲಿನ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪದ ಕಾಯಿಗಳನ್ನು ಬಿಡುವ ಗೇಣುದ್ದದ ಗಿಡ. ಅದನ್ನು ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ ಕಾಮಾಲೆಗೆ ಕುಡಿಸುವುದು ನಾಟಿ ವೈದ್ಯದ ಹಳೆಯ ರೂಢಿ. ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುವುದೂ ನಿಜವೇ. ಆದರೆ ಕಾಮಾಲೆ, ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವರ್ಣಕ ಹೆಚ್ಚಿದಾಗ ಕಾಣುವ ಲಕ್ಷಣ ಮಾತ್ರ. ಕಲುಷಿತ ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ಅಥವಾ ಇ ವೈರಸ್‌ನಿಂದ ಬಂದ ಕಾಮಾಲೆಯಾದರೆ ಬಹುಪಾಲು ಜನರಲ್ಲಿ ಔಷಧವಿಲ್ಲದೆಯೂ ವಾಸಿಯಾಗುತ್ತದೆ. ರಕ್ತ, ಲೈಂಗಿಕ ಸಂಪರ್ಕ ಮತ್ತು ಹೆರಿಗೆಯ ಮೂಲಕ ದಾಟುವ ಹೆಪಟೈಟಿಸ್ ಬಿ ಹಾಗಲ್ಲ. ಆರು ತಿಂಗಳು ಮೀರಿ ದೇಹದಲ್ಲಿ ಉಳಿದರೆ ದೀರ್ಘಕಾಲಿಕವೆನಿಸುವ ಈ ಸೋಂಕು, ಕಣ್ಣಿಗೆ ಹಳದಿಯನ್ನು ತೋರದೆಯೇ ದಶಕಗಳ ಕಾಲ ಯಕೃತ್ತನ್ನು ಗಾಯಗೊಳಿಸುತ್ತ, ಕೆಲವರಲ್ಲಿ ಅದನ್ನು ಗಂಟುಗಟ್ಟಿಸುವ ಸಿರೋಸಿಸ್‌ಗೆ ಅಥವಾ ಕ್ಯಾನ್ಸರಿಗೆ ಒಯ್ಯುತ್ತದೆ.

ನೆಲನೆಲ್ಲಿಯನ್ನು ವಿಜ್ಞಾನವು ಪರೀಕ್ಷಿಸದೆ ತಳ್ಳಿಹಾಕಿದ್ದಿಲ್ಲ. ಮದರಾಸಿನ ವಿಜ್ಞಾನಿ ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ವೈರಸ್‌ನ ಹೊರಕವಚದ ಪ್ರೋಟೀನನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಇದ್ದ ತಂಡವು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಿಡದ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ ಪ್ರೋಟೀನು ಮರೆಯಾಗಿತ್ತು. ಹುಸಿಮಾತ್ರೆ ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಆದರೆ ಬೇರೆ ದೇಶಗಳಲ್ಲಿ ನಡೆದ ಮುಂದಿನ ಪ್ರಯೋಗಗಳಲ್ಲಿ ಈ ಫಲ ಮರುಕಳಿಸದೆ ಹೋದದ್ದರಿಂದ ಆ ಭರವಸೆ ಉಳಿಯಲಿಲ್ಲ.

ಪ್ರಯೋಗಗಳಲ್ಲಿ ಗೆದ್ದು ಬಂದದ್ದು ಟೆನೊಫೊವಿರ್ ಮತ್ತು ಎಂಟೆಕಾವಿರ್ ಎಂಬ, ದಿನಕ್ಕೊಂದರಂತೆ ನುಂಗುವ ಮಾತ್ರೆಗಳು. ಯಕೃತ್ತಿನ ಕೋಶವನ್ನು ಹೊಕ್ಕ ವೈರಸ್ ಅದರ ಕೇಂದ್ರದಲ್ಲಿ ತನ್ನ ಡಿಎನ್‌ಎಯನ್ನು ಮುಚ್ಚಿದ ಬಳೆಯ ರೂಪದಲ್ಲಿ ನೆಲೆಗೊಳಿಸಿ, ಆ ಮೂಲಪ್ರತಿಯಿಂದ ಆರ್‌ಎನ್‌ಎಯನ್ನೂ, ಆರ್‌ಎನ್‌ಎಯಿಂದ ಮತ್ತೆ ಡಿಎನ್‌ಎಯನ್ನೂ ತಯಾರಿಸಿಕೊಳ್ಳುತ್ತದೆ. ಡಿಎನ್‌ಎ ಸರಪಳಿಯ ಕೊಂಡಿಯನ್ನೇ ಹೋಲುವ ಟೆನೊಫೊವಿರ್‌ಗೆ ಮುಂದಿನ ಕೊಂಡಿಯನ್ನು ಹಿಡಿಯುವ ಕೊಕ್ಕೆ ಇಲ್ಲದಿರುವುದರಿಂದ, ಅದು ಸೇರಿದಲ್ಲಿಗೆ ಸರಪಳಿ ತುಂಡಾಗಿ ಹೊಸ ವೈರಸ್ ಹುಟ್ಟುವುದು ನಿಲ್ಲುತ್ತದೆ. ಆದರೆ ಕೋಶಕೇಂದ್ರದಲ್ಲಿರುವ ಮೂಲಪ್ರತಿಯನ್ನು ಈ ಮದ್ದು ಮುಟ್ಟಲಾರದು. ಹೀಗಾಗಿ ಚಿಕಿತ್ಸೆಯು ವೈರಸ್ಸನ್ನು ಅಡಗಿಸುತ್ತದೆಯೇ ವಿನಾ ಸಾಮಾನ್ಯವಾಗಿ ನಿರ್ಮೂಲ ಮಾಡುವುದಿಲ್ಲ. ಆರಾಮವಾಯಿತೆಂದು ಮಾತ್ರೆ ಬಿಟ್ಟವರಲ್ಲಿ ರೋಗ ಮತ್ತೆ ಉಲ್ಬಣಿಸಿ ಯಕೃತ್ತು ಕೈಕೊಡುವ ಸಂಭವವೂ ಉಂಟು. ಬಿಡದೆ ಸೇವಿಸಿದರೆ ದೊರೆಯುವ ಲಾಭ ದೊಡ್ಡದು: 2013ರಲ್ಲಿ ಪ್ರಕಟವಾದ ಐದು ವರ್ಷಗಳ ಅಧ್ಯಯನದಲ್ಲಿ, ಮೊದಲು ಸಿರೋಸಿಸ್ ಇದ್ದ 96 ಮಂದಿಯಲ್ಲಿ 71 ಮಂದಿಯ ಯಕೃತ್ತಿನಲ್ಲಿ ಕೊನೆಗೆ ಸಿರೋಸಿಸ್ ಕಾಣಲಿಲ್ಲ. ಟೆನೊಫೊವಿರ್ ಮೂತ್ರಪಿಂಡ ಮತ್ತು ಮೂಳೆಗಳ ಮೇಲೆ ಪರಿಣಾಮ ಬೀರಬಹುದಾದ್ದರಿಂದ ಆಗಾಗ ತಪಾಸಣೆ ಅಗತ್ಯ.

ಸೋಂಕಿದ್ದವರೆಲ್ಲರಿಗೂ ಮಾತ್ರೆ ಬೇಕೆಂದಿಲ್ಲ. ರಕ್ತದಲ್ಲಿರುವ ವೈರಸ್‌ನ ಪ್ರಮಾಣ, ಯಕೃತ್ತಿನ ಕೋಶಗಳು ನಲುಗಿದಾಗ ರಕ್ತಕ್ಕೆ ಸೋರುವ ಎಎಲ್‌ಟಿ ಕಿಣ್ವದ ಮಟ್ಟ, ಯಕೃತ್ತಿನಲ್ಲಿ ಕಟ್ಟಿದ ಗಾಯದ ನಾರು ಇವುಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಸಿರೋಸಿಸ್ ಇದ್ದರೆ ಮಾತ್ರ ತಡಮಾಡುವಂತಿಲ್ಲ. ಈ ಪರೀಕ್ಷೆ ಮತ್ತು ಔಷಧಗಳನ್ನು ಉಚಿತವಾಗಿ ಒದಗಿಸಲು 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಕೊಬ್ಬರಿ ಸೀಮೆಯ ಮನೆಗಳು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಸರಿಯಾಗಿ ಒಣಗದ ಕೊಬ್ಬರಿ, ಕಡಲೆಕಾಯಿ, ಮೆಕ್ಕೆಜೋಳಗಳ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತವೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಇದು ಯಕೃತ್ತಿನ ಕ್ಯಾನ್ಸರಿನ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುವುದರಿಂದ, ಬೂಷ್ಟು ಹಿಡಿದ ಗಿಟುಕನ್ನು ಕೆರೆದು ಬಳಸುವುದಕ್ಕಿಂತ ಎಸೆಯುವುದೇ ಲೇಸು.

ಹುಟ್ಟುವಾಗಲೇ ತಾಯಿಯಿಂದ ಸೋಂಕು ತಗುಲಿದ ಶಿಶುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಅದು ದೀರ್ಘಕಾಲಿಕವಾಗುತ್ತದೆ. ವಯಸ್ಕರಲ್ಲಿ ಈ ಪ್ರಮಾಣ ನೂರಕ್ಕೆ ಐದರಷ್ಟೂ ಇಲ್ಲ. ಆದ್ದರಿಂದ ಗರ್ಭಿಣಿಯರ ರಕ್ತಪರೀಕ್ಷೆ, ವೈರಸ್ ಹೆಚ್ಚಿರುವ ತಾಯಂದಿರಿಗೆ ಗರ್ಭಾವಸ್ಥೆಯಲ್ಲೇ ಟೆನೊಫೊವಿರ್ ಹಾಗೂ ಮಗುವಿಗೆ ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆ ದೊರೆತರೆ, ಮುಂದಿನ ಪೀಳಿಗೆಯ ಬಹುತೇಕರಿಗೆ ಈ ಮಾತ್ರೆಗಳ ಅಗತ್ಯವೇ ಬೀಳದು.